ಕೇಳದೇ ಹಾಕಿದ ಹೊಲಿಗೆ

ಲಾಂಡ್ರಿಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅಜ್ಜಿ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತಿದ್ದರು. ಗಂಟು ಬಿಚ್ಚಿದಾಗ ಗಿರಾಕಿಯ ಬಟ್ಟೆಯಲ್ಲಿ ಏನು ಕಂಡರೂ ಬಾಯಿ ಬಿಡಬಾರದು. ಯಾರ ಅಂಗಿಯಲ್ಲಿ ಹೆಂಡದ ವಾಸನೆ, ಯಾರ ಕರವಸ್ತ್ರದಲ್ಲಿ ಕಫದ ಜೊತೆ ರಕ್ತ, ಯಾವ ಮನೆಯ ಗಂಡ ಹೆಂಡಿರು ಬೇರೆ ಬೇರೆ ಹಾಸಿಗೆಯಲ್ಲಿ ಮಲಗಲು ಶುರು ಮಾಡಿದ್ದಾರೆ, ಎಲ್ಲವೂ ವಿಂಗಡಿಸುವ ಮೇಜಿನ ಮೇಲೆ ತಾನಾಗಿ ತಿಳಿದುಹೋಗುತ್ತಿತ್ತು. “ನೋಡು, ತೊಳಿ, ಮರೆತುಬಿಡು” ಎನ್ನುತ್ತಿದ್ದರು ಅಜ್ಜಿ. ಬೀದಿಯವರು ಆ ಅಂಗಡಿಯನ್ನು ಬಿಡದೇ ಇದ್ದುದಕ್ಕೆ ಅರ್ಧ ಕಾರಣ ಇದೇ.

ಅಂಗಡಿಯ ಹಿಂದೆಯೇ ಮನೆ. ಮುಂದೆ ಕೌಂಟರು, ಅದರ ಹಿಂದೆ ಅಪ್ಪನ ಇಸ್ತ್ರಿ ಮೇಜು, ಆಮೇಲೆ ಬಾಯ್ಲರು, ತೊಳೆಯುವ ತೊಟ್ಟಿಗಳು. ಒಂದು ಬಾಗಿಲು ದಾಟಿದರೆ ಅಡುಗೆಮನೆ. ಸೋಪಿನ ವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ಅಜ್ಜಿ, ಅಂದರೆ ಅಪ್ಪನ ತಾಯಿ, ಬಟ್ಟೆ ವಿಂಗಡಿಸುತ್ತಿದ್ದರು. ಕಲೆ ತೆಗೆಯುವುದು ಅಮ್ಮನ ಕೆಲಸ. ಶಾಯಿ, ಎಣ್ಣೆ, ತುಕ್ಕು, ರಕ್ತ, ಒಂದೊಂದಕ್ಕೂ ಅವಳ ಹತ್ತಿರ ಒಂದೊಂದು ಉಪಾಯ. ಬೀದಿಗೆಲ್ಲ ಅವಳು ಲಾಂಡ್ರಿಯಮ್ಮ. ಒಬ್ಬಳೇ ಮಗಳು ಚೂಟಿ ಮಾತ್ರ ಈ ಕೆಲಸಕ್ಕೆ ಇಳಿದಿರಲಿಲ್ಲ. ಅವಳು ಬಸ್ ಕಂಪನಿಯ ಪಾರ್ಸೆಲ್ ಕೌಂಟರಿನಲ್ಲಿ ಕೂರುತ್ತಿದ್ದಳು. ಬಂದವರನ್ನೆಲ್ಲ “ಒಳಗೇನಿದೆ?” ಎಂದು ಕೇಳುವುದೇ ಅವಳ ಉದ್ಯೋಗ.

ಬೇಸಿಗೆಯ ಒಂದು ರಜೆಯ ದಿನ ಚೂಟಿ ತನ್ನ ಅಂಗಿ ಹುಡುಕುತ್ತ ಬಾಯ್ಲರಿನ ಹಿಂದಕ್ಕೆ ಹೋದಳು. ಮನೆಯವರ ಬಟ್ಟೆ ತೊಳೆಯುವುದು ಎಲ್ಲಕ್ಕಿಂತ ಕೊನೆಗೆ, ಗಿರಾಕಿಗಳದು ಮುಗಿದ ಮೇಲೆ. ಅವು ಬಕೆಟ್ಟಿನಲ್ಲಿ ಕಾಯುತ್ತಿದ್ದವು. ಬಕೆಟ್ಟಿನ ಹಿಂದೆ ಮುಚ್ಚಳ ಹಾಕಿದ ಒಂದು ಸ್ಟೀಲಿನ ಡಬ್ಬವಿತ್ತು. ತೆಗೆದು ನೋಡಿದರೆ ಉಪ್ಪು ಬೆರೆಸಿದ ತಣ್ಣೀರು, ಅದರಲ್ಲಿ ಅಮ್ಮನ ಬಾಡಿ. ಎಡಗಡೆಯ ನಡುವಿಗೆ ಸರಿಯಾಗಿ ಅಂಗಿಗುಂಡಿಯಷ್ಟು ಅಗಲದ ಕಂದು ಕಲೆ.

ಲಾಂಡ್ರಿಯಲ್ಲಿ ಹುಟ್ಟಿ ಬೆಳೆದವಳು. ತಣ್ಣೀರು, ಉಪ್ಪು ಯಾವ ಕಲೆಗೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಮ್ಮಾ, ಇದೇನು?”

ಅಮ್ಮ ಹೋಟೆಲಿನ ಮೇಜುಬಟ್ಟೆಯ ಮೇಲೆ ಬಗ್ಗಿದ್ದಳು. ತಲೆ ಎತ್ತಿ ನೋಡಿದವಳ ಮುಖ ಒಂದು ಕ್ಷಣ ಬೇರೆಯಾಯಿತು. “ಇಡು ಅದನ್ನ. ನಂದು. ಕೆರೆದುಕೊಂಡಿದ್ದೆ, ಗಾಯ ಆಯ್ತು.”

“ಎಲ್ಲಿ ಕೆರೆದುಕೊಂಡೆ?”

“ಮೈ ಮೇಲೆ. ಇನ್ನೆಲ್ಲಿ ಕೆರ್ಕೋತಾರೆ, ಗೋಡೆ ಮೇಲಾ?”

“ತೋರಿಸು.”

“ಥೂ, ನಾಚಿಕೆ ಬಿಟ್ಟವಳೇ. ಹೋಗಿ ಚಹಾ ಕುಡಿ.”

“ನೀನು ತೋರಿಸೋ ತನಕ ನಾನು ಈ ಡಬ್ಬ ಕೌಂಟರ್ ಮೇಲೆ ಇಟ್ಕೊಂಡು ಕೂರ್ತೀನಿ. ಬಂದವರಿಗೆಲ್ಲ ಕಾಣ್ಲಿ.”

ಅವಳು ಹಾಗೆ ಮಾಡಿಯೇ ಬಿಡುವವಳು ಎಂದು ಅಮ್ಮನಿಗೆ ಗೊತ್ತಿತ್ತು. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು, ಮುಖ ಗೋಡೆಗೆ ತಿರುಗಿಸಿ, ಮೇಲಂಗಿ ಬಿಚ್ಚಿದಳು. ಎಡಗಡೆಯ ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಅದರ ಕೆಳಗೆ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಬಿದ್ದಿತ್ತು. ಅಂಚಿನಲ್ಲಿ ಒಂದು ಹನಿ ಒಣಗಿತ್ತು. ಗಾಯ ಎಲ್ಲೂ ಇರಲಿಲ್ಲ.

“ಗಟ್ಟಿ ಇದೆಯಾ?”

“ಒಂದು ಕಡೆ ಇದೆ. ಆದ್ರೆ ನೋವಿಲ್ಲ ಕಣೆ, ಒಂಚೂರೂ ನೋವಿಲ್ಲ. ನೋವಿದ್ದಿದ್ರೆ ಹೇಳ್ತಿರ್ಲಿಲ್ವಾ?”

“ಎಷ್ಟು ದಿನದಿಂದ ತೊಳೀತಿದೀಯ ಇದನ್ನ?”

ಅಮ್ಮ ಗುಂಡಿ ಹಾಕಿಕೊಳ್ಳತೊಡಗಿದಳು. “ಕಲೆ ಚೆನ್ನಾಗೇ ಹೋಗುತ್ತೆ” ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಕೆಲಸಗಾತಿಯ ಸಣ್ಣ ಹೆಮ್ಮೆಯೂ ಇತ್ತು. ಚೂಟಿಗೆ ಆ ಹೆಮ್ಮೆ ಕೇಳಿ ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನದ ಊಟಕ್ಕೆ ಕೂತಾಗ ಅನ್ನ, ಬೇಳೆ, ಹುರಿದ ಬದನೆಕಾಯಿ. ಅಜ್ಜಿ ಎಂದಿನಂತೆ ಬೇಯಿಸಿದ ಮೊಟ್ಟೆಯೊಂದನ್ನು ಸೊಸೆಯ ತಟ್ಟೆಗೆ ಹಾಕಿದರು. ಬೇರೆ ಯಾರ ತಟ್ಟೆಗೂ ಹಾಕಲಿಲ್ಲ.

ಚೂಟಿ ಮುಚ್ಚುಮರೆಯಿಲ್ಲದೆ ಹೇಳಿದಳು. “ಅಮ್ಮನಿಗೆ ಎದೆಯಿಂದ ರಕ್ತ ಬರ್ತಿದೆ. ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀನಿ.”

“ಊಟದ ಹೊತ್ತಲ್ಲಿ ಇದೆಂಥ ಮಾತು!” ಎಂದಳು ಅಮ್ಮ.

ಅಪ್ಪ ತುತ್ತನ್ನು ತಟ್ಟೆಗೆ ಇಳಿಸಿದ. ಅಜ್ಜಿ ಮಾತ್ರ ತಲೆ ಎತ್ತಲಿಲ್ಲ. ಬೆಚ್ಚಲೂ ಇಲ್ಲ. ಅದೇ ಚೂಟಿಯ ಕಣ್ಣಿಗೆ ಬಿತ್ತು.

“ಅಜ್ಜಿ, ನಿನಗೆ ಗೊತ್ತಿತ್ತಾ?”

ಅಜ್ಜಿ ಬೇಳೆ ಕಲಸುತ್ತಲೇ ಇದ್ದರು. “ಮನೆ ಬಟ್ಟೆಯೂ ನನ್ನ ಕೈಯಲ್ಲೇ ವಿಂಗಡ ಆಗೋದು.”

“ಅಂದ್ರೆ ನೋಡಿದ್ದೆ.”

“ನೋಡಿದ್ದೆ.”

“ಯಾವಾಗಿಂದ?”

“ಚಳಿ ಶುರುವಾದಾಗಿಂದ.”

“ಈಗ ಬೇಸಿಗೆ ಅಜ್ಜಿ! ಬೆವರು ಸುರೀತಿದೆ ನೋಡು!”

“ಕಿರುಚಬೇಡ. ಅವಳಾಗೇ ಹೇಳ್ಲಿ ಅಂತಿದ್ದೆ. ಸೊಸೆ ಮೈ ವಿಷಯ ನಾನು ಹೆಂಗೆ ಕೇಳ್ಲಿ? ಏನೋ ಸುಸ್ತಿರಬೇಕು ಅಂತ ದಿನಾ ಒಂದು ಮೊಟ್ಟೆ ಹಾಕಿದೆ.”

“ಮೊಟ್ಟೆ ಹಾಕಿದ್ಯಾ? ರಕ್ತ ನೋಡಿ ಮೊಟ್ಟೆ ಹಾಕಿದ್ಯಾ?”

ಅಪ್ಪ ಗಂಟಲು ಸರಿಮಾಡಿಕೊಂಡ. “ನನಗೂ ಏನೋ ಅನ್ನಿಸಿತ್ತು. ಅಂಗಿ ಒಳಗೆ ಎಡಗಡೆ ಒಂದು ಪದರ ಬಟ್ಟೆ ಹೆಚ್ಚು ಹೊಲ್ಕೊಂಡಿದ್ದಳು. ಇಸ್ತ್ರಿ ಹಾಕುವಾಗ ಕೈಗೆ ಸಿಗ್ತಿತ್ತು. ಹೆಂಗಸರ ವಿಷಯ ಅಂತ ಸುಮ್ಮನಾದೆ. ಭಾರದ ಗಂಟುಗಳನ್ನ ಆಗಿನಿಂದ ನಾನೇ ಎತ್ತುತಿದೀನಿ, ನೋಡಿಲ್ವಾ?”

ನಿಜ. ಚೂಟಿ ಅದನ್ನು ನೋಡಿದ್ದಳು. ಅಪ್ಪ ಹೋಟೆಲಿನ ಹಾಸುಗಳ ಗಂಟನ್ನು ಅಮ್ಮನ ಕೈಯಿಂದ ಕಿತ್ತುಕೊಂಡು ಹೆಗಲಿಗೆ ಹಾಕಿಕೊಳ್ಳುವಾಗ, ಈ ವಯಸ್ಸಿನಲ್ಲಿ ಎಂಥ ಪ್ರೀತಿ ಎಂದು ಒಳಗೊಳಗೇ ನಕ್ಕಿದ್ದಳು ಕೂಡ. ಅದನ್ನು ನೆನೆದು ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಯಾಕೆ ಎಂದು ಅವಳೂ ಕೇಳಿರಲಿಲ್ಲ.

“ಒಬ್ಬರು ಮೊಟ್ಟೆ ಹಾಕ್ತೀರ, ಒಬ್ಬರು ಗಂಟು ಎತ್ತುತೀರ. ಏನಾಗಿದೆ ಅಂತ ಕೇಳೋಕೆ ಮಾತ್ರ ಯಾರಿಗೂ ನಾಲಿಗೆ ಇಲ್ಲ. ಅವಳೇನು ಗಿರಾಕೀನಾ?” ಅವಳು ತಟ್ಟೆ ಬಿಟ್ಟು ಎದ್ದಳು.

ಆ ಮೊಟ್ಟೆಯನ್ನು ಅಂದು ಯಾರೂ ತಿನ್ನಲಿಲ್ಲ.

ಡಾಕ್ಟರು ಹೆಂಗಸು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮಾತಾಡುವವರು. ಮುಟ್ಟುವ ಮೊದಲು ನರ್ಸು ತನ್ನೆರಡು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಅಮ್ಮನ ಭುಜ ಹಿಡಿದುಕೊಂಡಳು. ಡಾಕ್ಟರು ಎರಡೂ ಕಡೆ ನೋಡಿದರು, ಕಂಕುಳ ಒತ್ತಿ ನೋಡಿದರು, ಕೈ ಮೇಲೆತ್ತಿಸಿ ಮತ್ತೆ ನೋಡಿದರು.

“ರಕ್ತ ಒಂದೇ ಕಡೆ ಬರ್ತಿದೆಯಾ? ಹಿಂಡದೆ ತಾನಾಗೇ?”

“ಹೂಂ ಡಾಕ್ಟರೇ. ನೋವು ಮಾತ್ರ ಇಲ್ಲ. ಅದಕ್ಕೇ ಸುಮ್ಮನಿದ್ದೆ.”

“ಇದು ಶುರುವಿನಲ್ಲಿ ಬಹಳ ಜನಕ್ಕೆ ನೋಯೋದೇ ಇಲ್ಲಮ್ಮ. ನೋಯಲಿ ಅಂತ ಕಾಯೋ ಕಾಯಿಲೆ ಅಲ್ಲ. ಗಂಟು, ತೊಟ್ಟು ಹೊಸದಾಗಿ ಒಳಗೆ ಹೋಗೋದು, ಚರ್ಮ ಗುಳಿಬೀಳೋದು, ಹೀಗೆ ರಕ್ತ ಬರೋದು. ಇದರಲ್ಲಿ ಒಂದು ಕಂಡ್ರೂ ಆ ವಾರವೇ ಬರಬೇಕಿತ್ತು.” ಬೈಯುವ ದನಿಯಲ್ಲಿ ಅವರು ಹೇಳಲಿಲ್ಲ. ಬರೆಯುತ್ತ ಬರೆಯುತ್ತ ಕೇಳಿದರು. ಮುಟ್ಟು ಯಾವ ವಯಸ್ಸಿನಲ್ಲಿ ಶುರುವಾಯಿತು, ಯಾವಾಗ ನಿಂತಿತು, ಮಕ್ಕಳೆಷ್ಟು, ಹಾಲು ಕುಡಿಸಿದ್ದಿರಾ, ಕುಡಿಯುವ ಅಭ್ಯಾಸ ಇದೆಯಾ.

“ಮಗಳಿಗೆ ಎರಡು ವರ್ಷ ಕುಡಿಸಿದೀನಿ” ಎಂದಳು ಅಮ್ಮ, ಅದರಿಂದ ತನಗೆ ಬಿಡುಗಡೆ ಸಿಕ್ಕೀತು ಎಂಬಂತೆ.

“ಒಳ್ಳೇದು. ಅದರಿಂದ ಅಪಾಯ ಸ್ವಲ್ಪ ಕಡಿಮೆ ಆಗುತ್ತೆ. ಬರೋದೇ ಇಲ್ಲ ಅಂತಲ್ಲ. ಮನೆಯಲ್ಲಿ ಯಾರಿಗಾದ್ರೂ ಇದಿತ್ತಾ? ತಾಯಿ, ಅಕ್ಕ, ತಂಗಿ?”

ಅಮ್ಮ ಒಂದು ಗಳಿಗೆ ತನ್ನ ಕೈಯ ಬಿರುಕುಗಳನ್ನು ನೋಡಿಕೊಂಡಳು. “ಇಲ್ಲ.”

ಮರುದಿನ ಎದೆಯ ಎಕ್ಸ್‌ರೇ ತೆಗೆಯುವ ಕೋಣೆಯ ಹುಡುಗಿ ತಟ್ಟೆಯ ಮೇಲೆ ಎದೆ ಇಡಿಸುವ ಮುಂಚೆ, “ಜೋರಾಗಿ ಅದುಮುತ್ತೆ, ತಣ್ಣಗೂ ಇರುತ್ತೆ. ಮನಸ್ಸಲ್ಲೇ ನನಗೆ ಎಷ್ಟು ಬೇಕಾದ್ರೂ ಬೈಕೊಳ್ಳಿ ಅಮ್ಮ” ಎಂದಳಂತೆ. ಮನೆಗೆ ಬಂದು ಅಮ್ಮ ಹೇಳಿದ್ದು ಅದೊಂದೇ ವಿಷಯ. ಸೂಜಿ ಹಾಕಿ ಚೂರು ತೆಗೆದದ್ದನ್ನು ಅವಳು ಹೇಳಲಿಲ್ಲ. ಅದನ್ನು ಚೂಟಿ ಹೇಳಿದಳು.

ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳ ಸದ್ದೇ ಮಾತು. ಚೂಟಿ ಅಜ್ಜಿಯ ಜೊತೆ ಮಾತು ಬಿಟ್ಟಳು. ಅಜ್ಜಿ ಅವಳ ಊಟದ ಡಬ್ಬಿಗೆ ಬ್ರೆಡ್ಡು ಬೆಣ್ಣೆ ಹಾಕಿ ಇಟ್ಟರೆ, ಅವಳು ಅದನ್ನು ತೆಗೆದಿಟ್ಟು ತಾನೇ ಬೇರೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ಹೋಗುತ್ತಿದ್ದಳು. ಎದುರು ಅಂಗಡಿಯ ಚಹಾದವನು ಯಾರೂ ಹೇಳದೆ ಬೆಳಿಗ್ಗೆ ನಾಲ್ಕು ಲೋಟ ಕಳಿಸತೊಡಗಿದ, ಮೇಲೆ ತಟ್ಟೆ ಮುಚ್ಚಿ. ಅದನ್ನು ಕಂಡರೂ ಚೂಟಿಗೆ ರೇಗುತ್ತಿತ್ತು. “ಇವನಿಗೂ ಗೊತ್ತಾ? ಇವನೂ ಕೇಳಲ್ಲ, ಚಹಾ ಕಳಿಸ್ತಾನೆ. ಎಲ್ಲರೂ ಒಳ್ಳೆಯವರೇ ಇಲ್ಲಿ!”

“ಒಳ್ಳೆಯವರಾಗಿದ್ರೆ ನಿನಗೇನು ಕಷ್ಟ?” ಎಂದಳು ಅಮ್ಮ, ಕಾಲರಿನ ಜಿಡ್ಡು ಉಜ್ಜುತ್ತ.

“ಕಷ್ಟ ನನಗಲ್ಲ. ನಿನ್ನ ಎದೆಯಲ್ಲಿರೋ ಗಂಟಿಗೂ ಇವರೆಲ್ಲ ಬಹಳ ಅನುಕೂಲ ಮಾಡಿಕೊಟ್ಟಿದ್ದಾರೆ.”

ಅಮ್ಮ ಬ್ರಷ್ಷನ್ನು ತೊಟ್ಟಿಗೆ ಎಸೆದಳು. ನೀರು ಇಬ್ಬರ ಮುಖಕ್ಕೂ ಹಾರಿತು.

ಕ್ಯಾನ್ಸರು ಎಂದೇ ಬಂತು. ಕಂಕುಳಿನ ಗ್ರಂಥಿಗಳಿಗೂ ಹೋಗಿತ್ತು. ಬೇರೆ ಕಡೆ ಸದ್ಯಕ್ಕೆ ಕಾಣಿಸಿಲ್ಲ ಎಂದರು ಡಾಕ್ಟರು. ಎಡಗಡೆಯ ಎದೆ ಪೂರ್ತಿ ತೆಗೆಯಬೇಕು, ಆಮೇಲೆ ಔಷಧಿ, ಆಮೇಲೆ ವಿಕಿರಣ. ಮುಂದಿನ ವಾರವೇ ಮಾಡೋಣ, ತಡ ಬೇಡ ಎಂದರು. ಚಳಿಗಾಲದಲ್ಲೇ ಬಂದಿದ್ದರೆ ಎಂದು ಚೂಟಿ ಕೇಳಿದಳು. ಡಾಕ್ಟರು ಅವಳ ಮುಖ ನೋಡಿ, “ಈಗ ಆ ಲೆಕ್ಕ ಬೇಡ” ಎಂದರು. ಉತ್ತರ ಅದರಲ್ಲೇ ಇತ್ತು.

ಮನೆಗೆ ಬಂದ ಮೇಲೆ ಅಮ್ಮ ಏಪ್ರನ್ ಕಟ್ಟಿಕೊಂಡಳು. “ಹೋಟೆಲಿನವರದು ಇದೇ ತಿಂಗಳು ಜೋರು. ಅದು ಮುಗೀಲಿ. ಬರೋ ತಿಂಗಳು ಮಾಡಿಸ್ಕೋತೀನಿ.”

“ಬರೋ ತಿಂಗಳು?” ಎಂದ ಅಪ್ಪ.

“ಇಷ್ಟು ದಿನ ಇತ್ತು, ಇನ್ನೊಂದು ತಿಂಗಳಿಗೆ ಏನಾಗುತ್ತೆ? ನೋವಂತೂ ಇಲ್ಲ.”

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ. ಜೀವಮಾನದಲ್ಲಿ ಹೆಂಡತಿಯ ಮೇಲೆ ದನಿ ಎತ್ತದವನು. ಸೀದಾ ಹೋಗಿ ಅಂಗಡಿಯ ಶಟರನ್ನು ದಡಾರನೆ ಎಳೆದುಬಿಟ್ಟ. ಹೊರಗೆ ಅಂಗಿ ಕೊಡಲು ಬಂದವನೊಬ್ಬ ಬಾಗಿಲು ಬಡಿಯುತ್ತ ನಿಂತ.

“ರೀ, ಗಿರಾಕಿ ನಿಂತಿದಾರೆ!”

“ನಿಲ್ಲಲಿ! ನೀನು ಸತ್ತರೆ ಅವನ ಅಂಗಿ ಇಟ್ಕೊಂಡು ನಾನೇನು ಮಾಡ್ಲಿ? ಹೋಟೆಲಂತೆ, ಮೇಜುಬಟ್ಟೆಯಂತೆ. ಸುಟ್ಟು ಹಾಕ್ತೀನಿ ಎಲ್ಲ!” ಆಮೇಲೆ ಕತ್ತಲಾದ ಅಂಗಡಿಯಲ್ಲಿ ಮುಗ್ಗರಿಸಿ ಹ್ಯಾಂಗರುಗಳ ರಾಶಿಯ ಮೇಲೆ ಬಿದ್ದ. ಅಮ್ಮನೇ ಹೋಗಿ ಎಬ್ಬಿಸಿದಳು. ಎಬ್ಬಿಸುತ್ತ, “ಸರಿ, ಅರಚಬೇಡಿ. ಯೋಚನೆ ಮಾಡ್ತೀನಿ” ಎಂದಳು. ಹೂಂ ಅನ್ನಲಿಲ್ಲ.

ಎರಡು ದಿನ ಬಿಟ್ಟು ದೊಡ್ಡಮ್ಮ ಬಂದರು. ಅಮ್ಮನಿಗಿಂತ ಹತ್ತು ವರ್ಷ ದೊಡ್ಡವರು, ನಿವೃತ್ತ ವಿಜ್ಞಾನದ ಟೀಚರು. ತಾಯಿ ಇಲ್ಲದ ತಂಗಿಗೆ ಜಡೆ ಹಾಕಿ ಬೆಳೆಸಿದವರು. ಆರು ವರ್ಷದ ಹಿಂದೆ ಪಿತ್ತಕೋಶದ ಕಲ್ಲು ತೆಗೆಸಿಕೊಂಡ ಮೇಲೆ ಸ್ವಲ್ಪ ಸೊರಗಿದ್ದರು, ಅಷ್ಟೇ. ಬಟ್ಟೆಯನ್ನು ವಾರವಾರ ತಂಗಿಯ ಅಂಗಡಿಗೇ ಕಳಿಸುತ್ತಿದ್ದರು. ಒಂದು ಚೀಲ ಹಣ್ಣು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು, ತಂಗಿಯನ್ನು ಕೂರಿಸಿಕೊಂಡು, ಸಮಾಧಾನ ಹೇಳತೊಡಗಿದರು. ಅಜ್ಜಿ ಬೀನ್ಸ್ ಮುರಿಯುತ್ತ ಮೂಲೆಯಲ್ಲಿದ್ದರು. ಚೂಟಿ ಚಹಾ ಸೋಸುತ್ತಿದ್ದಳು.

“ಹೆದರ್ಕೋಬೇಡ. ಆಪರೇಷನ್ ಏನೂ ಗೊತ್ತಾಗಲ್ಲ. ಎದ್ದ ಮೇಲೆ ಪಕ್ಕದಲ್ಲಿ ಒಂದು ಕೊಳವೆ ಇರುತ್ತೆ, ಅದು ಜಗ್ಗದ ಹಾಗೆ ಅಂಗಿಗೆ ಪಿನ್ ಹಾಕ್ಕೋ. ಕೈ ಮೇಲೆತ್ತೋಕಾಗಲ್ಲ ಅಂತ ಸುಮ್ಮನೆ ಇಟ್ಕೋಬೇಡ, ದಿನಾ ಗೋಡೆ ಮೇಲೆ ಬೆರಳು ಹತ್ತಿಸ್ತಾ ಹೋಗು. ಆ ಕೈಗೆ ಮುಂದೆ ಸೂಜಿ ಚುಚ್ಚಿಸ್ಕೋಬೇಡ, ಊತ ಬರುತ್ತೆ. ಮೊದಲನೇ ಸಲ ಕನ್ನಡಿ ನೋಡೋವಾಗ ಒಬ್ಬಳೇ ನೋಡು.”

ಚೂಟಿಯ ಕೈಯಲ್ಲಿ ಸೋಸುವ ಜರಡಿ ನಿಂತಿತು. “ನಿಮಗೆ ಹೇಗೆ ಗೊತ್ತು ದೊಡ್ಡಮ್ಮಾ?”

“ಏನು?”

“ಗೋಡೆ ಮೇಲೆ ಬೆರಳು ಹತ್ತಿಸೋದು. ಪಿನ್ನು. ಕನ್ನಡಿ. ನಿಮ್ಮ ಕಲ್ಲು ಎಲ್ಲಿತ್ತು?”

“ಎಲ್ಲೋ ಓದಿದ್ದೆ” ಎಂದರು ದೊಡ್ಡಮ್ಮ. ಅವರ ಕೈ ತಾನಾಗಿ ಬಲಗಡೆಯ ಎದೆಯ ಮೇಲೆ ಹೋಗಿ ಕೂತಿತು.

“ಸುಳ್ಳು ಹೇಳಬೇಡ ಅಕ್ಕ” ಎಂದಳು ಅಮ್ಮ ಮೆಲ್ಲಗೆ. “ನನಗೆ ಗೊತ್ತು.”

“ಏನು ಗೊತ್ತು?”

“ಆರು ವರ್ಷದಿಂದ ನಿನ್ನ ಬಾಡಿಗಳನ್ನ ನಾನೇ ತೊಳೀತಿದೀನಿ. ಬಲಗಡೆ ಒಳಗೆ ಜೇಬು. ಅದರಲ್ಲಿ ಮಡಚಿಟ್ಟ ಬಟ್ಟೆ. ತೊಳೆದಾಗೆಲ್ಲ ಹೊಲಿಗೆ ಸಡಿಲ ಆಗ್ತಿತ್ತು. ನಿನಗೆ ತೊಂದರೆ ಆಗದಿರಲಿ ಅಂತ ಮತ್ತೆ ಹೊಲಿದು ಕಳಿಸ್ತಿದ್ದೆ.”

ದೊಡ್ಡಮ್ಮನ ಬಾಯಿ ತೆರೆದೇ ಉಳಿಯಿತು. “ನೀನಾ ಹೊಲೀತಿದ್ದಿದ್ದು? ನಾನು ನನ್ನ ಹೊಲಿಗೆಯೇ ಗಟ್ಟಿ ಅಂದ್ಕೊಂಡಿದ್ದೆ.”

ಅಕ್ಕ ತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಬೇರೆ ಯಾವುದೋ ಮನೆಯಲ್ಲಾಗಿದ್ದರೆ ಇಬ್ಬರೂ ತಬ್ಬಿಕೊಂಡು ಅಳುವ ಹೊತ್ತು ಅದು. ಚೂಟಿ ಅದಕ್ಕೆ ಅವಕಾಶ ಕೊಡಲಿಲ್ಲ. ಚಹಾದ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು.

“ಎಷ್ಟು ಚಂದ! ಅವರು ಹೇಳಲಿಲ್ಲ, ನೀನು ಕೇಳಲಿಲ್ಲ. ಸೂಜಿ ದಾರ ಹಿಡ್ಕೊಂಡು ಕೂತೆ. ಡಾಕ್ಟರು ಬಾಯಿ ಬಿಟ್ಟು ಕೇಳಿದ್ರಲ್ಲಮ್ಮ, ಅಕ್ಕ ತಂಗಿಗೆ ಇತ್ತಾ ಅಂತ! ಅವರಿಗೂ ಇಲ್ಲ ಅಂದೆ!”

“ಅಕ್ಕನ ಗುಟ್ಟು ಅದು. ನಾನು ಹೇಗೆ ಹೇಳ್ಲಿ?”

“ನಾವು ಮಕ್ಕಳಾಗಿದ್ದಾಗ ಇವರೇ ಪಾಠ ಮಾಡಿದ್ದು. ದೇಹದ ಪಾಠ ಬಂದಾಗ ಈ ಪುಟ ಮನೇಲಿ ಓದ್ಕೊಳ್ಳಿ ಅಂತ ಹಾಳೆ ಮಗುಚಿದ್ರು. ಮನೇಲಿ ಯಾರು ಓದಿಸ್ತಾರೆ ದೊಡ್ಡಮ್ಮ, ಈ ಮನೇಲಿ?”

“ನಾಲಿಗೆ ಹಿಡಿ” ಎಂದರು ದೊಡ್ಡಮ್ಮ, ಟೀಚರಿನ ದನಿಯಲ್ಲಿ. ಆದರೆ ದನಿ ಪೂರ್ತಿ ಏಳಲಿಲ್ಲ. “ಆಗ ಮಗಳ ಮದುವೆ ಮಾತುಕತೆ ನಡೀತಿತ್ತು. ಯಾರಿಗಾದ್ರೂ ಗೊತ್ತಾದ್ರೆ ಇವರ ಮನೆಗೇ ಈ ರೋಗ ಇದೆ ಅಂತ ಬಿಟ್ಟು ಹೋಗ್ತಿದ್ರು. ನಾನೇನು ಮೈಮರೆತು ಕೂರಲಿಲ್ಲ. ಬಟಾಣಿಯಷ್ಟಿದ್ದಾಗಲೇ ಹೋಗಿ ತೋರಿಸಿದೆ, ಅದಕ್ಕೇ ಇವತ್ತು ಬದುಕಿದೀನಿ. ಅಮ್ಮನ್ನ ನೋಡಿದ್ದೆನಲ್ಲ, ಅದಕ್ಕೆ ತಡ ಮಾಡಲಿಲ್ಲ.”

ಅಮ್ಮ ತಲೆ ಎತ್ತಿದಳು. “ಅಮ್ಮನ್ನ?”

ಮೂಲೆಯಲ್ಲಿ ಬೀನ್ಸ್ ಮುರಿಯುವ ಸದ್ದು ನಿಂತಿತು.

“ಅಮ್ಮನಿಗೆ ಏನಾಗಿತ್ತು ಅಕ್ಕ?”

“ಈಗ ಯಾಕೆ ಅದೆಲ್ಲ...”

“ಜ್ವರ ಬಂದು ಹೋದಳು ಅಂದಿದ್ದೆ. ನಾನು ಸಣ್ಣವಳು. ಒಳಗೆ ಬಿಡ್ತಿರಲಿಲ್ಲ ನನ್ನ. ಅಂಟುಜ್ವರ ಅಂದಿದ್ದೆ.”

“ಎದೆಯ ಹುಣ್ಣು” ಎಂದರು ದೊಡ್ಡಮ್ಮ. “ಅವಳೂ ಯಾರಿಗೂ ತೋರಿಸಲಿಲ್ಲ. ಕೊನೆಗೆ ನಾನೇ ಬಟ್ಟೆ ಬದಲಾಯಿಸ್ತಿದ್ದೆ. ನೀನು ಹೆದರ್ತೀಯ ಅಂತ ಹೇಳಲಿಲ್ಲ. ನಿನ್ನ ಒಳ್ಳೇದಕ್ಕೇ...”

ಅಮ್ಮ ಎದ್ದು ನಿಂತಳು. ಚೂಟಿ ತನ್ನ ತಾಯಿಯನ್ನು ಹಾಗೆ ಎಂದೂ ಕಂಡಿರಲಿಲ್ಲ. ಕತ್ತಿನ ನರಗಳೆಲ್ಲ ಎದ್ದಿದ್ದವು.

“ನನ್ನ ಒಳ್ಳೇದಕ್ಕಾ? ಐವತ್ತು ವರ್ಷ ಆಯ್ತು ಅಕ್ಕ. ಒಂದು ಜ್ವರವನ್ನ ನಂಬ್ಕೊಂಡು ಐವತ್ತು ವರ್ಷ! ಈ ಹುಡುಗಿಗೆ ಮೈ ಬಿಸಿಯಾದಾಗೆಲ್ಲ ಪ್ರಾಣ ಹೋದಂಗೆ ಓಡಿದೀನಿ ಆಸ್ಪತ್ರೆಗೆ. ಹೆದರೋದನ್ನ ಕಲಿಸಿದೆ, ಯಾವುದಕ್ಕೆ ಹೆದರಬೇಕೋ ಅದನ್ನ ಬಿಟ್ಟು!”

“ಕೂತ್ಕೋ, ರಕ್ತದೊತ್ತಡ ಏರುತ್ತೆ...”

“ಏರಲಿ! ನೀನು ಅಮ್ಮನ್ನ ನೋಡಿದ್ದೆ, ಅದಕ್ಕೆ ಬಟಾಣಿಯಷ್ಟಿದ್ದಾಗ ಓಡಿದೆ. ಬದುಕಿದೆ. ಚೆನ್ನಾಗಿರು. ಆ ತಿಳಿವಳಿಕೆ ನಿನಗೊಬ್ಬಳಿಗೇ ಸಾಕಾಗಿತ್ತಾ? ನಾನು ಅವಳ ಮಗಳಲ್ವಾ? ನನಗೂ ಅದೇ ಎದೆ ಅಲ್ವಾ ಇದ್ದಿದ್ದು? ನಾನು ಪೆದ್ದಿ, ಮೂಲೇಲಿ ಕೂತು ಉಪ್ಪುನೀರಲ್ಲಿ ತಿಕ್ಕುತಾ ಇದ್ದೆ. ನಿನಗೆ ಗೊತ್ತಿತ್ತಲ್ಲ! ವಾರವಾರ ಬಂದು ನನ್ನ ಕೈ ಚಹಾ ಕುಡಿದು ಹೋಗ್ತಿದ್ದೆಯಲ್ಲ!”

ದೊಡ್ಡಮ್ಮ ಅಳಲು ಶುರು ಮಾಡಿದರು. ಅಮ್ಮ ಸಮಾಧಾನ ಮಾಡಲಿಲ್ಲ. ಅಜ್ಜಿ ಬೀನ್ಸಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಬಂದು ಸೊಸೆಯ ಪಕ್ಕ ನಿಂತರು.

“ಅವರಿಗೊಬ್ಬರಿಗೇ ಬೈಬೇಡ” ಎಂದರು. “ನನಗೂ ಬೈ. ನಿನ್ನ ಬಟ್ಟೆ ಮೇಲಿನ ರಕ್ತ ನನಗೂ ಗೊತ್ತಿತ್ತು.”

“ನಿಮಗೆ ಆಮೇಲೆ ಬೈತೀನಿ ಅತ್ತೆ. ಮೊದಲು ಇವಳದು ಮುಗೀಲಿ.”

ಅಜ್ಜಿ “ಸರಿ” ಎಂದರು. ನಿಂತೇ ಇದ್ದರು. ಆ ಗಳಿಗೆಯಲ್ಲಿ ಚೂಟಿಗೆ ಅಜ್ಜಿಯ ಮೇಲಿದ್ದ ಸಿಟ್ಟು ಪೂರ್ತಿ ಹೋಗದಿದ್ದರೂ ಅರ್ಧಕ್ಕಿಳಿಯಿತು. ಅವಳು ಅಜ್ಜಿಯ ಬೆನ್ನಿಗೆ ಕುರ್ಚಿ ಸರಿಸಿದಳು.

“ಮುಂದಿನ ತಿಂಗಳು ಅಂದಿದ್ದೆ” ಎಂದಳು ಅಮ್ಮ. “ಇಲ್ಲ. ನಾಳೆ ಬೆಳಿಗ್ಗೆ ಹೋಗಿ ಹೇಳ್ತೀನಿ, ಮುಂದಿನ ವಾರವೇ ಕೊಯ್ಯಿರಿ ಅಂತ. ಅಮ್ಮನಿಗೂ ಇತ್ತು, ಅಕ್ಕನಿಗೂ ಬಂದಿತ್ತು, ನಾನು ಸುಳ್ಳು ಹೇಳಿದ್ದೆ ಅಂತಾನೂ ಹೇಳ್ತೀನಿ. ಈ ಹುಡುಗಿಗೆ ಏನೇನು ಪರೀಕ್ಷೆ ಮಾಡಬೇಕೋ ಮಾಡ್ಲಿ.” ಆಮೇಲೆ ಅಕ್ಕನ ಕಡೆ ತಿರುಗಿದಳು. “ನಿನ್ನ ಮಗಳಿಗೆ ಹೇಳಿದೀಯಾ?”

ದೊಡ್ಡಮ್ಮನ ಮಗಳು ದೂರದ ಊರಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಳು. ಅವಳಿಗೊಂದು ಪುಟ್ಟ ಹೆಣ್ಣುಮಗು.

“ಅವಳಿಗೆ ಯಾಕೆ? ಚೆನ್ನಾಗಿದಾಳೆ, ಸಂಸಾರ ಮಾಡ್ಕೊಂಡಿದಾಳೆ...”

“ನಾನೂ ಚೆನ್ನಾಗೇ ಇದ್ದೆ. ಫೋನ್ ತೆಗಿ.”

“ಇನ್ನೊಂದು ದಿನ, ನಿಧಾನಕ್ಕೆ, ಎದುರಿಗೆ ಕೂತು...”

“ಇನ್ನೊಂದು ದಿನ ಬರಲ್ಲ ಅಕ್ಕ. ನಮಗೆ ಗೊತ್ತಿಲ್ವಾ ನಮ್ಮ ಬುದ್ಧಿ? ಅವಳ ಬಟ್ಟೆ ಒಗೆಯೋದು ಯಾರೋ, ಅವರಿಗಾದ್ರೂ ನೋಡಿ ಹೇಳೋ ಮನಸ್ಸು ಬರುತ್ತೋ ಇಲ್ವೋ. ತೆಗಿ. ನೀನು ಹೇಳ್ತೀಯೋ, ನಾನು ಹೇಳ್ಲೋ?”

ದೊಡ್ಡಮ್ಮ ಎದ್ದು ಚೀಲದಿಂದ ಫೋನು ತೆಗೆದರು. ನಂಬರು ಸಿಗಲಿಲ್ಲ. ಚೂಟಿ ಒತ್ತಿ ಕೊಟ್ಟಳು. ಆಚೆ ಕಡೆ ಅಂಗಡಿಯ ಗದ್ದಲದ ನಡುವೆ ಮಗಳ ದನಿ ಕೇಳಿಸಿತು. “ಹೇಳಮ್ಮ.”

“ಮಗೂ, ಊಟ ಆಯ್ತಾ?” ಎಂದರು ದೊಡ್ಡಮ್ಮ.

ಅಮ್ಮ ಮೇಜನ್ನು ಅಂಗೈಯಿಂದ ಗುದ್ದಿದಳು. ಹಣ್ಣುಗಳು ಉರುಳಿದವು.

“ಏನಮ್ಮ ಅದು ಸದ್ದು? ಎಲ್ಲಿದೀಯ?”

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಆ ಮನೆಯಲ್ಲಿ ಅಲ್ಲಿಯವರೆಗೆ ಎಲ್ಲರೂ ‘ಎದೆ’ ಎನ್ನುತ್ತಿದ್ದರು, ‘ಅಲ್ಲಿ’ ಎನ್ನುತ್ತಿದ್ದರು, ಡಾಕ್ಟರ ಮುಂದೆಯೂ ಹಾಗೇ.

“ನನಗೆ ಒಂದು ಮೊಲೆ ಇಲ್ಲ ಕಣೆ” ಎಂದರು ದೊಡ್ಡಮ್ಮ. “ತೆಗೆಸಿ ಆರು ವರ್ಷ ಆಯ್ತು. ಕಲ್ಲು ಅಂತ ಸುಳ್ಳು ಹೇಳಿದ್ದೆ. ಕ್ಯಾನ್ಸರು ಅದು. ನಮ್ಮಮ್ಮ ಅದರಲ್ಲೇ ಸತ್ತದ್ದು. ಈಗ ಚಿಕ್ಕಮ್ಮನಿಗೆ ಬಂದಿದೆ. ನೀನು ಹೋಗಿ ತೋರಿಸ್ಕೋಬೇಕು.”

ಆಚೆಯ ಗದ್ದಲ ಒಮ್ಮೆಲೇ ತಗ್ಗಿತು. ಬಾಗಿಲು ಹಾಕಿಕೊಂಡಿರಬೇಕು. ಆಮೇಲೆ ದನಿ ಬಂತು. ಇಡೀ ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಬಂತು.

“ಆರು ವರ್ಷ? ಆರು ವರ್ಷ ಅಮ್ಮಾ? ನಾನು ಔಷಧಿ ಮಾರೋಳು! ದಿನಾ ಈ ಕಾಯಿಲೆಯ ಚೀಟಿ ಹಿಡ್ಕೊಂಡು ಬರೋರಿಗೆ ಧೈರ್ಯ ಹೇಳ್ತೀನಿ! ನಿನ್ನ ಪಕ್ಕ ಯಾರಿದ್ರು ಆಗ? ಯಾರು ನೀರು ಕೊಟ್ರು ನಿನಗೆ? ನನ್ನ ಮದುವೇಲಿ ಆ ಕೈಯಲ್ಲಿ ನೀನು ಪಾತ್ರೆ ಎತ್ತಿದೀಯ, ನಾನು ನೋಡ್ತಾ ನಿಂತಿದೀನಿ!”

ದೊಡ್ಡಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು ತಂಗಿಯ ಮುಖ ನೋಡಿದರು, ಸಾಕು, ಇಡಲಾ ಎಂಬಂತೆ.

“ಇಡಬೇಡ” ಎಂದಳು ಅಮ್ಮ. “ಪೂರ್ತಿ ಬೈಸ್ಕೋ. ಬೈದು ಮುಗಿದ ಮೇಲೆ ಯಾವ ಡಾಕ್ಟರ ಹತ್ರ ಯಾವತ್ತು ಹೋಗ್ತೀಯ ಅಂತ ಕೇಳು. ಅದನ್ನ ಕೇಳದೆ ಇಡಬೇಡ.”

ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮುಖ ಕೆಂಪಾಗಿಯೇ ಇತ್ತು. ಆದರೂ ಅಕ್ಕ ನಿಂತೇ ಇರುವುದನ್ನು ಕಂಡು, ಮೇಜಿನ ಕೆಳಗಿದ್ದ ಮಣೆಯನ್ನು ಕಾಲಿನಿಂದ ಅವರ ಕಡೆ ತಳ್ಳಿದಳು. ದೊಡ್ಡಮ್ಮ ಕೂತರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಕಿವಿಗೆ ಒತ್ತಿಕೊಂಡರು.

“ಹೂಂ” ಎನ್ನುತ್ತಿದ್ದರು. “ಹೂಂ. ತಪ್ಪಾಯ್ತು. ಹೂಂ, ಹೇಳು, ಕೇಳಿಸ್ಕೋತಿದೀನಿ.”